ಮೊದಲು ಕೂತವರ ತೂಕ

ರಿಜಿಸ್ಟರ್ಡ್ — ಸ್ವೀಕೃತಿ ಚೀಟಿ ಸಹಿತ

ಹೊಳೆಹೊಸೂರು, ಹರಿಹರ ತಾಲ್ಲೂಕು
12 ಆಗಸ್ಟ್ 2024

ಮುರುಗೇಶಪ್ಪನವರಿಗೆ,
ಸೈಕಲ್ ಅಂಗಡಿ, ನಿಟ್ಟುವಳ್ಳಿ, ದಾವಣಗೆರೆ.

ಮಾನ್ಯರೇ,

ಈ ಪತ್ರವನ್ನು ರಿಜಿಸ್ಟರ್ಡ್ ಮಾಡಿದ್ದೇನೆ. ನಾಳೆ ನೀವು "ನನಗೆ ಬಂದೇ ಇಲ್ಲ" ಎನ್ನುವಂತಿಲ್ಲ. ನಿಮ್ಮ ಸಹಿ ಬಿದ್ದ ಚೀಟಿ ನನ್ನ ಕೈಗೆ ವಾಪಸು ಬರುತ್ತದೆ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬೇಡಿ. ಮೂರು ಸಲ ಮಾಡಿದೆ. ಮೂರು ಸಲವೂ ನೀವು ಹೇಳಿದ್ದು ಒಂದೇ ಮಾತು: "ಯಜಮಾನ್ರು ಅದಾರೇನಮ್ಮಾ? ಅವ್ರ ಕೈಗೆ ಕೊಡು." ಫೋನನ್ನು ಯಜಮಾನರ ಕೈಗೆ ಕೊಡಬಹುದು. ನನ್ನ ಮಣಿಕಟ್ಟಿನ ನೋವನ್ನು ಹೇಗೆ ಕೊಡಲಿ?

ನಾನು ಬಿಂದು. ಉಕ್ಕಡಗಾತ್ರಿ ದಾರಿಯ ಹೊಳೆಹೊಸೂರಿನ ಅಂಚೆ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಮನೆಮನೆಗೆ ಪತ್ರ ಹಂಚುತ್ತಿದ್ದೇನೆ. ದಿನಕ್ಕೆ ಐದು ಊರು, ಇಪ್ಪತ್ತೊಂದು ಕಿಲೋಮೀಟರು. ಅದರಲ್ಲಿ ಹನ್ನೆರಡು ನಾಲೆ ಏರಿಯ ಮೇಲೆ. ಏರಿಯ ಉದ್ದಕ್ಕೂ ಟ್ರ್ಯಾಕ್ಟರಿನ ಜಾಡು, ಎರಡು ಕಡೆ ತೂಬಿನ ಮೇಲೆ ಬರೀ ಒಂದು ಹಲಗೆ. ಸ್ಕೂಟಿ ಅಲ್ಲಿ ದಾಟುವುದಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿಕೊಂಡೇ ದಾಟಬೇಕು. ಹಳೆಯ ಸೈಕಲ್ಲಿನ ಕುಲುಕಾಟಕ್ಕೆ ಬಲಗೈ ಮಣಿಕಟ್ಟು ಊದಿಕೊಂಡಾಗ ಹರಿಹರದ ಡಾಕ್ಟರು, "ಮುಂದ್ಗಡೆ ಶಾಕಪ್ ಇರೋ ಸೈಕಲ್ ತಗಳ್ರಿ, ಇಲ್ಲಾಂದ್ರೆ ಈ ಕೆಲ್ಸ ಬಿಡ್ರಿ" ಅಂದರು. ಕೆಲಸ ಬಿಡುವವಳು ನಾನಲ್ಲ. ಹಾಗಾಗಿ ಜುಲೈ 21ರ ಭಾನುವಾರ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಿದೆವು.

ಅಂದು ನಡೆದದ್ದು ನಿಮಗೆ ನೆನಪಿಲ್ಲದಿರಬಹುದು, ನನಗಿದೆ. ನಮ್ಮ ಮನೆಯವರಿಗೆ ಕುರ್ಚಿ ಕೊಟ್ಟಿರಿ. ಚಹಾ ತರಿಸಿದಿರಿ. "ಒಂದೇ ಶಾಕಪ್ಪಿಂದು ಹುಡುಗ್ರಿಗೆ ಸಾರ್. ಡಬಲ್ ಶಾಕಪ್ ತಗಳ್ರಿ. ಎರಡೈತೆ ಅಂದ್ಮ್ಯಾಕೆ ಕುಲುಕೋ ಮಾತೇ ಇಲ್ಲ" ಅಂದಿರಿ. ಬಿಲ್ಲಿಗೆ ಅವರ ಹೆಸರು ಕೇಳಿದಿರಿ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, "ಮೊದ್ಲು ಯಜಮಾನ್ರು ಕೂಡ್ರಿ, ಶುಭ" ಎಂದು ಅವರನ್ನೇ ಹತ್ತಿಸಿದಿರಿ. ಪಾನಾ ಹಿಡಿದು ಬಗ್ಗಿ ಏನೇನೋ ತಿರುಗಿಸಿದಿರಿ. ನಾನು ಅಂಚೆ ಚೀಲ ಹಿಡಿದುಕೊಂಡು ಗಾಳಿ ಹೊಡೆಯುವ ಪಂಪಿನ ಪಕ್ಕ ನಿಂತಿದ್ದೆ. ಸೈಕಲ್ಲಿಗೆ ಚೀಲ ಹಿಡಿಸುತ್ತದೋ ಇಲ್ಲವೋ ನೋಡೋಣ ಎಂದು ಮನೆಯಿಂದ ತಂದಿದ್ದೆ. ಯಾರೂ ನೋಡಲಿಲ್ಲ.

ಮೂರು ವಾರ ಓಡಿಸಿದೆ. ನಿಮ್ಮ ಎರಡು ಶಾಕಪ್ಪೂ ಕೂದಲೆಳೆಯಷ್ಟು ಕುಗ್ಗಿಲ್ಲ. ಹಳೆಯ ಸೈಕಲ್ಲೇ ಇದಕ್ಕಿಂತ ಮೆತ್ತಗಿತ್ತು. ಹಿಂದೆ ಕ್ಯಾರಿಯರ್ ಕೂರಿಸಲು ಜಾಗವಿಲ್ಲ, ಚೀಲ ನನ್ನ ಬೆನ್ನ ಮೇಲೆ. ಹತ್ತೊಂಬತ್ತು ಕೆಜಿ ಕಬ್ಬಿಣ ಹೊತ್ತು ಹಲಗೆ ದಾಟುವಾಗ ನಿಮ್ಮನ್ನು ನೆನೆಯುತ್ತೇನೆ, ಒಳ್ಳೆಯ ಮಾತಿನಲ್ಲಿ ಅಲ್ಲ. ಮಧ್ಯಾಹ್ನ ಎರಡಕ್ಕೆ ಮುಗಿಯಬೇಕಾದ ಬಟವಾಡೆ ಮೂರೂವರೆ ಆಗುತ್ತಿದೆ. ದೀಪಾವಳಿ ಕಳೆದ ಮೇಲೆ ಮೇಲಿನವರು ಬಂದು ನೋಡುತ್ತಾರೆ. ಹೊತ್ತಿಗೆ ಮುಗಿಯದಿದ್ದರೆ ಈ ಬೀಟು ಮೋಟಾರ್‌ಸೈಕಲ್ ಇರುವ ಚೌಡೇಶನ ಪಾಲು. ಅವನು ಹಲಗೆ ದಾಟುವುದಿಲ್ಲ. ನಾಲೆಯ ಈಚೆ ಚಹಾದಂಗಡಿಯಲ್ಲಿ ಎಲ್ಲರ ಪತ್ರ ಗುಡ್ಡೆ ಹಾಕಿ ಹೋಗುತ್ತಾನೆ. ಆಚೆಯ ಮುದುಕಿಯರು ಬಂದು ಹುಡುಕಿಕೊಳ್ಳಬೇಕು.

ಈ ಸೈಕಲ್ ಕೆಟ್ಟದ್ದೋ, ನೀವು ಕೆಡಿಸಿದ್ದೋ? ಉತ್ತರ ಬರೆಯಿರಿ.

ಬಿಂದು


ಶ್ರೀ ಕೊಟ್ಟೂರೇಶ್ವರ ಪ್ರಸನ್ನ

ದಾವಣಗೆರೆ
17 ಆಗಸ್ಟ್ 2024

ಶ್ರೀಯುತ ಹಾಲಸ್ವಾಮಿಯವರಿಗೆ ಮುರುಗೇಶಪ್ಪನ ಶರಣು.

ನಿಮ್ಮ ಮನೆಯವರ ಹೆಸರಿನಲ್ಲಿ ಒಂದು ರಿಜಿಸ್ಟರ್ಡ್ ಬಂತು. ಅಂಗಡಿಗೆ ನಲವತ್ತೊಂದು ವರ್ಷ ಆಯಿತು. ಬ್ಯಾಂಕಿನಿಂದ ಬಂದಿದೆ, ಕೋರ್ಟಿನಿಂದಲೂ ಒಮ್ಮೆ ಬಂದಿದೆ. ಗಿರಾಕಿಯ ಮನೆಯ ಹೆಣ್ಣುಮಗಳಿಂದ ಬಂದದ್ದು ಇದೇ ಮೊದಲು. ಸಹಿ ಹಾಕುವಾಗ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಏನಾದರೂ ಇದ್ದರೆ ನೀವು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಹೆಂಗಸರ ಕೈಲಿ ಹೀಗೆಲ್ಲ ಬರೆಸಬಾರದು.

ಇರಲಿ. ಸೈಕಲ್ಲಿಗೆ ಏನೂ ಆಗಿಲ್ಲ. ಅಂದು ನೀವು ಕೂತಾಗ ನಿಮ್ಮ ತೂಕಕ್ಕೆ ತಕ್ಕಂತೆ ಎರಡೂ ಸ್ಪ್ರಿಂಗ್ ಬಿಗಿ ಮಾಡಿದ್ದೆ. ಎಂಬತ್ತೆಂಟು ಕೆಜಿ ಎಂದು ನೀವೇ ಹೇಳಿದಿರಿ. ಓಡಿಸುವವರು ಮನೆಯವರು ಎಂಬುದು ಈ ಪತ್ರ ನೋಡಿದ ಮೇಲೆಯೇ ನನಗೆ ತಿಳಿದದ್ದು. ಹಗುರ ಇರುವವರು ಕೂತರೆ ಆ ಬಿಗಿಗೆ ಅದು ಕುಗ್ಗುವುದಿಲ್ಲ, ಬರೀ ಕಬ್ಬಿಣದ ಸರಳು. ಅದರ ಮೇಲೆ ಕಲ್ಲುದಾರಿಯಲ್ಲಿ ಹೋಗುವುದು ಕೈಗೆ ಅಪಾಯ. ಗಣೇಶನ ಹಬ್ಬದೊಳಗೆ ಯಾವತ್ತಾದರೂ ಸೈಕಲ್ ಮತ್ತು ಅವರನ್ನು ಕರೆದುಕೊಂಡು ಬನ್ನಿ. ಸಡಿಲ ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ಅವರು ಏರಿಯ ಮೇಲೆ ಓಡಿಸುವುದು ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವರ ತೂಕಕ್ಕೆ ಕೂರಿಸಿದ ಮೇಲೆ ನೀವು ಹತ್ತಿದರೆ ತಳ ಮುಟ್ಟುತ್ತದೆ. ಒಂದು ಸ್ಪ್ರಿಂಗು ಇಬ್ಬರಿಗೆ ಆಗುವುದಿಲ್ಲ. ಯಾರದು ಎಂದು ನಿಮ್ಮಲ್ಲೇ ತೀರ್ಮಾನಿಸಿಕೊಂಡು ಬನ್ನಿ.

ಇಂತಿ,
ಮುರುಗೇಶಪ್ಪ


ಹೊಳೆಹೊಸೂರು
24 ಆಗಸ್ಟ್ 2024

ಮುರುಗೇಶಪ್ಪನವರಿಗೆ,

ನಿಮ್ಮ ಪತ್ರ ಇಪ್ಪತ್ತನೇ ತಾರೀಕು ನನ್ನ ಚೀಲದಲ್ಲೇ ಬಂತು. ನಮ್ಮ ಪೋಸ್ಟ್‌ಮಾಸ್ಟರ್ ಹನುಮಂತಪ್ಪನವರು ಮುದ್ರೆ ಒತ್ತಿ ನನ್ನ ಮುಂದಿಟ್ಟು, "ನಿಮ್ಮನೇದೇ ಐತಲ್ಲಮ್ಮ" ಅಂದರು. ನೋಡಿದೆ. ನಮ್ಮ ಮನೆಯದೇ, ನನ್ನದಲ್ಲ. ಬರೆದವಳು ನಾನು, ಉತ್ತರ ನನ್ನ ಗಂಡನಿಗೆ. ಇಪ್ಪತ್ತೊಂದು ಕಿಲೋಮೀಟರ್ ಅದನ್ನು ಬೆನ್ನ ಮೇಲೆ ಹೊತ್ತು, ಎಲ್ಲರ ಮನೆಗೂ ಕೊಟ್ಟು, ಕೊನೆಗೆ ಮನೆಗೆ ಬಂದು ಅವರ ಕೈಗಿಟ್ಟೆ. ಒಡೆಯಲಿಲ್ಲ. ಮೇಲೆ ಯಾರ ಹೆಸರಿದೆಯೋ ಅವರದು, ಅದು ನನ್ನ ಕೆಲಸದ ಮೊದಲ ನಿಯಮ. ನಿಮ್ಮ ಮೇಲಿನ ಸಿಟ್ಟಿಗೆ ಅದನ್ನು ಮುರಿಯಲಾರೆ.

ಅವರು ಓದಿದರು, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. "ಏನಂತೆ?" ಎಂದೆ. "ಏನಿಲ್ಲ. ಹೊಸದ್ರಾಗ ಹಂಗೇ ಇರ್ತೈತಂತೆ. ಪಳಗ್ತೈತಂತೆ" ಅಂದರು.

ಪಳಗುತ್ತದೆಯೇ? ಅದೇನು ಹೋರಿಯೇ ಸಾಹುಕಾರರೇ? ನಾನು ಮೂರು ಪುಟ ಬರೆದು ಕೇಳಿದ್ದಕ್ಕೆ ನಲವತ್ತು ವರ್ಷದ ಅಂಗಡಿಯವರು ಕೊಡುವ ಉತ್ತರ ಇದೇನಾ? ಇಷ್ಟಕ್ಕೆ ಕವರು, ಸ್ಟಾಂಪು ಯಾಕೆ ಬೇಕಿತ್ತು? ಕಾರ್ಡು ಸಾಕಿತ್ತು.

ನಮ್ಮತ್ತೆ ತಿಪ್ಪಮ್ಮ ಬೇವಿನ ಎಲೆ ಬಿಸಿ ಮಾಡಿ ಮಣಿಕಟ್ಟಿಗೆ ಕಟ್ಟುತ್ತಿದ್ದಾರೆ. "ಅಂಗಡ್ಯಾವಂಗೆ ಬೈದು ಬರಿ, ನಂದೂ ಎರಡು ಸೇರ್ಸು" ಎಂದಿದ್ದಾರೆ. ಸೇರಿಸಿದ್ದೇನೆ ಎಂದು ತಿಳಿಯಿರಿ. ನೀವು ಪಳಗುತ್ತದೆ ಅಂದಿದ್ದೀರಿ ಎಂದು ಏರಿಯ ಮೇಲೆ ಓಡಿಸುತ್ತಲೇ ಇದ್ದೇನೆ. ಇಷ್ಟು ದಿನವಾದರೂ ಪಳಗಿದ್ದು ಕಾಣೆ.

ಈ ಸಲ ಉತ್ತರ ನನ್ನ ಹೆಸರಿಗೆ ಬರಲಿ. ಬಿಂದು. ಎರಡೇ ಅಕ್ಷರ, ಕಷ್ಟವಿಲ್ಲ.

ಬಿಂದು


ಶ್ರೀ ಕೊಟ್ಟೂರೇಶ್ವರ ಪ್ರಸನ್ನ

ದಾವಣಗೆರೆ
30 ಆಗಸ್ಟ್ 2024

ಶ್ರೀಮತಿ ಹಾಲಸ್ವಾಮಿಯವರಿಗೆ,

ನಿಮ್ಮ ಎರಡನೆಯ ಪತ್ರವೂ ತಲುಪಿತು. ಹೋರಿ, ಕಾರ್ಡು, ನಿಮ್ಮತ್ತೆಯವರ ಬೈಗುಳ ಎಲ್ಲವನ್ನೂ ಓದಿದೆ. ನನ್ನ ವಯಸ್ಸಿಗಾದರೂ ಮರ್ಯಾದೆ ಕೊಡಬಹುದಿತ್ತು.

ನಾನು ಹೇಳಬೇಕಾದದ್ದನ್ನು ನಿಮ್ಮ ಯಜಮಾನರಿಗೆ ಸ್ಪಷ್ಟವಾಗಿ ಬರೆದಿದ್ದೇನೆ. ಅದರಂತೆ ಮಾಡುವುದು ಬಿಡುವುದು ನಿಮ್ಮಿಬ್ಬರಿಗೆ ಸೇರಿದ್ದು. ಗಂಡನಿಗೆ ಹೇಳಿದ್ದನ್ನು ಹೆಂಡತಿಗೆ ಬೇರೆ ಹೇಳಿ ಮನೆಯಲ್ಲಿ ಮಾತು ಹುಟ್ಟಿಸುವ ಚಾಳಿ ನನಗಿಲ್ಲ. ಒಳ್ಳೆಯ ಮಾತು ಹೇಳಿಯೂ ಬೈಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ಬೇಸರ. ಮಾಯಕೊಂಡದಿಂದ ಹಿಡಿದು ಹರಿಹರದವರೆಗೆ ಯಾರನ್ನಾದರೂ ಕೇಳಿ, ಮುರುಗೇಶಪ್ಪ ಕೆಟ್ಟ ಮಾಲು ಕೊಟ್ಟ ಎನ್ನುವವರು ಒಬ್ಬರು ಸಿಗುವುದಿಲ್ಲ.

ಹಬ್ಬದ ತನಕ ಅಂಗಡಿ ತೆರೆದಿರುತ್ತದೆ.

ಮುರುಗೇಶಪ್ಪ


ಹೊಳೆಹೊಸೂರು
9 ಸೆಪ್ಟೆಂಬರ್ 2024

ಮುರುಗೇಶಪ್ಪ,

ಎಡಗೈಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಆಗಲಿ.

ಮೂರನೇ ತಾರೀಕು, ಮಂಗಳವಾರ. ಎರಡನೇ ತೂಬಿನ ಹತ್ತಿರ. ಮುಂದಿನ ಗಾಲಿ ಕಲ್ಲಿಗೆ ಹೊಡೆಯಿತು. ಶಾಕಪ್ ಕುಗ್ಗಲಿಲ್ಲ. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಯಿತು. ನಾನು ನಾಲೆಗೆ. ಚೀಲ ನಾಲೆಗೆ. ಮಣಿಕಟ್ಟಿನ ಮೂಳೆ ಬಿರುಕು. ನಾಲ್ಕು ವಾರ ಪ್ಲಾಸ್ಟರ್.

ಭರಮಣ್ಣ ಎಂಬ ರೈತರು ಮೇಲೆತ್ತಿದರು. ಚೀಲವನ್ನೂ ಎತ್ತಿದರು. ಮೂವತ್ತೊಂದು ಪತ್ರ ಮಂಚದ ಮೇಲೆ ಹರಡಿ, ಹಾರದ ಹಾಗೆ ಒಂದೊಂದಕ್ಕೂ ಕಲ್ಲಿಟ್ಟು ಒಣಗಿಸಿದೆವು. ಮೂರರ ಮೇಲಿನ ವಿಳಾಸ ಅಳಿಸಿಹೋಗಿತ್ತು. ಒಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಪತ್ರವೂ ಹೀಗೆ ಹಾಳಾಗಿರಲಿಲ್ಲ.

ಬೀಟು ಚೌಡೇಶನಿಗೆ ಹೋಗಿದೆ. ನವೆಂಬರ್ ನಾಲ್ಕಕ್ಕೆ ಮೇಲಿನವರು ಬರುತ್ತಾರೆ. ಅಂದು ಎರಡು ಗಂಟೆಯೊಳಗೆ ನಾನು ಮುಗಿಸದಿದ್ದರೆ ಅದು ಅವನದೇ ಆಗುತ್ತದೆ.

ಇನ್ನು ನಿಮ್ಮ ವಿಷಯ. ನಿನ್ನೆ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ನಿಮ್ಮ ಪತ್ರ ಸಿಕ್ಕಿತು. ಹದಿನೇಳನೇ ತಾರೀಕಿನದು. ಓದಿದೆ. ಒಡೆದ ಪತ್ರ ಅದು, ನಿಯಮದ ಮಾತು ನನಗೆ ಬೇಡ.

"ಕೈಗೆ ಅಪಾಯ." ಬರೆದದ್ದು ನೀವು. "ಹತ್ತು ನಿಮಿಷದ ಕೆಲಸ." ಬರೆದದ್ದು ನೀವು. "ಅವರು ಏರಿಯ ಮೇಲೆ ಓಡಿಸುವುದು ಬೇಡ." ಅದೂ ನೀವೇ. ಅಪಾಯ ಇದ್ದದ್ದು ನನ್ನ ಕೈಗೆ, ಹೇಳಿದ್ದು ಅವರಿಗೆ. ನಾನು ಅದನ್ನೇ ಕೇಳಿ ಮತ್ತೆ ಬರೆದಾಗ, ಪಳಗುತ್ತದೆಯೇ ಎಂದು ಬರೆದಾಗ, ನಿಮಗೆ ಒಂದು ಕ್ಷಣವೂ ಅನಿಸಲಿಲ್ಲವೇ, ನಾನು ಹಾಗೆ ಬರೆದೇ ಇಲ್ಲವಲ್ಲ ಎಂದು? ಅನಿಸಿರುತ್ತದೆ. ಆದರೂ ನನಗೆ ಬರೆದದ್ದು ನಿಮ್ಮ ವಯಸ್ಸಿನ ಮರ್ಯಾದೆಯ ಬಗ್ಗೆ.

ಮನೆಯವರನ್ನೂ ಕೇಳಿದೆ. ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ, "ಸಡಿಲ ಮಾಡ್ಸಿದ್ರೆ ನಾ ಹತ್ತಿದಾಗ ತಳ ಮುಟ್ತೈತಂತೆ" ಅಂದರು. ಸಂಜೆ ನಾನು ಸೈಕಲ್ ನಿಲ್ಲಿಸಿದ ಮೇಲೆ ಅವರು ಅದನ್ನು ಹತ್ತಿ ಚಹಾದಂಗಡಿಗೆ ಹೋಗುತ್ತಿದ್ದರು. ಡಬಲ್ ಶಾಕಪ್ ಎಂದು ನಾಲ್ಕು ಜನಕ್ಕೆ ತೋರಿಸುತ್ತಿದ್ದರು. ಇಷ್ಟಕ್ಕೆ ನನ್ನ ಕೈ ಹೋಯಿತು. ಅವರಿಗೆ ಹೇಳಬೇಕಾದದ್ದನ್ನು ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ. ನಿಮಗೆ ಹೇಳಬೇಕಾದದ್ದು ಇದು.

ಬಿಂದು


ದಾವಣಗೆರೆ
16 ಸೆಪ್ಟೆಂಬರ್ 2024

ಶ್ರೀಮತಿ ಬಿಂದು ಅವರಿಗೆ,

ನಿಮ್ಮ ಪತ್ರವನ್ನು ನನಗೆ ಓದಲಾಗಲಿಲ್ಲ. ಅಕ್ಷರ ಹಾಗಿತ್ತು, ಕಣ್ಣೂ ಹಾಗಾಯಿತು. ನಮ್ಮ ಮನೆಯವರು ದ್ರಾಕ್ಷಾಯಣಮ್ಮ ಗಟ್ಟಿಯಾಗಿ ಓದಿ ಹೇಳಿದರು. ಓದಿ ಮುಗಿಸಿ, "ಆ ಹೆಣ್ಮಗಳ ತೂಕ ಎಷ್ಟೈತೆ ಅಂತ ಈಗಾದ್ರೂ ಗೊತ್ತೇನ್ರಿ ನಿಮಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ.

ತಪ್ಪು ನನ್ನದು. ಅನಿಸಿತ್ತು ತಾಯಿ. "ಪಳಗುತ್ತದೆ" ಎಂಬುದನ್ನು ಓದಿದಾಗಲೇ ನಿಮ್ಮ ಯಜಮಾನರು ನನ್ನ ಪತ್ರವನ್ನು ನಿಮಗೆ ತೋರಿಸಿಲ್ಲ ಎಂದು ಗೊತ್ತಾಯಿತು. ಗೊತ್ತಾಗಿಯೂ ಬರೆಯಲಿಲ್ಲ. ನಾಲ್ಕು ಜನರ ಮುಂದೆ ಸಹಿ ಹಾಕಬೇಕಾಗಿ ಬಂದ ಸಿಟ್ಟು ಇತ್ತು. ಎರಡು ಸಾಲು ಬರೆದಿದ್ದರೆ ನಿಮ್ಮ ಕೈ ಉಳಿಯುತ್ತಿತ್ತು. ಇದನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಆದರೆ ಒಂದು ಮಾತು ಹೇಳದೆ ಇರಲಾರೆ, ಸಿಟ್ಟು ಬಂದರೂ ಸರಿ. ಅಂದು ನೀವೂ ಅಂಗಡಿಯಲ್ಲಿದ್ದಿರಿ. ಅರ್ಧ ಗಂಟೆ ನಿಂತಿದ್ದಿರಿ. ಈ ಸೈಕಲ್ ನನಗೆ ಎಂದು ಬಾಯಿ ಬಿಟ್ಟು ಒಂದು ಸಲ ಹೇಳಲಿಲ್ಲ. ಇಷ್ಟು ಚೂಪಾಗಿ ಬರೆಯುವವರು ಅಂದು ಯಾಕೆ ಸುಮ್ಮನಿದ್ದಿರಿ? ಇದು ನನಗೆ ತಿಳಿಯುತ್ತಿಲ್ಲ.

ಆ ಸೈಕಲ್ಲನ್ನು ನಾನು ವಾಪಸು ತಗೊಳ್ಳುತ್ತೇನೆ. ಬೇರೆಯದು ಕೊಡುತ್ತೇನೆ. ಅದಕ್ಕೆ ಮೊದಲು, ಜುಲೈನಲ್ಲೇ ಕೇಳಬೇಕಿದ್ದ ಪ್ರಶ್ನೆ ಈಗ ಕೇಳುತ್ತಿದ್ದೇನೆ. ನಿಮ್ಮ ತೂಕ ಎಷ್ಟು? ಬೆಳಿಗ್ಗೆ ಚೀಲ ಎಷ್ಟು ತೂಗುತ್ತದೆ? ದಿನಕ್ಕೆ ಎಷ್ಟು ಸಲ ಸೈಕಲ್ ಎತ್ತಬೇಕು? ಎಲ್ಲಿ ಕುಲುಕುತ್ತದೆ, ಎಲ್ಲಿ ಸಪಾಟು?

ಮುರುಗೇಶಪ್ಪ


ಹೊಳೆಹೊಸೂರು
25 ಸೆಪ್ಟೆಂಬರ್ 2024

ಮುರುಗೇಶಪ್ಪನವರಿಗೆ,

ಪಡಿತರ ಅಂಗಡಿಯ ತಕ್ಕಡಿ ಮೇಲೆ ನಿಂತೆ. ಪ್ಲಾಸ್ಟರ್ ಬಿಟ್ಟು ಐವತ್ತೊಂದು ಕೆಜಿ. ಚೀಲ ಬೆಳಿಗ್ಗೆ ಒಂಬತ್ತು, ಶಾಲೆಯ ಪುಸ್ತಕ ಬಂದ ದಿನ ಹದಿನಾಲ್ಕು. ಸೈಕಲ್ ಎತ್ತುವುದು ದಿನಕ್ಕೆ ನಾಲ್ಕು ಸಲ, ಎರಡು ಹಲಗೆ, ಹೋಗುತ್ತ ಬರುತ್ತ. ಮೊದಲ ಮೂರು ಕಿಲೋಮೀಟರ್ ಡಾಂಬರು. ಆಮೇಲೆ ಏರಿ. ಏರಿಯಲ್ಲಿ ಬೇಸಿಗೆ ಬಂದರೆ ಜಾಡು ಗಟ್ಟಿಯಾಗಿ ಹಲ್ಲು ಕಟಕಟ ಅನ್ನುತ್ತದೆ. ಮಳೆ ಬಂದರೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲಿನ ತೂಕವೇ ಎರಡರಷ್ಟು. ಕೊನೆಯ ಆರು ಗದ್ದೆಯ ಬದಿಯ ಕಾಲುದಾರಿ. ಗುಡ್ಡ, ಬಂಡೆ ಇಲ್ಲ. ನಾನು ಎಲ್ಲಿಂದಲೂ ಹಾರುವುದಿಲ್ಲ. ನಿಮ್ಮ ಅಂಗಡಿಯ ಗೋಡೆಯ ಚಿತ್ರದಲ್ಲಿ ಒಬ್ಬ ಗಾಳಿಯಲ್ಲಿದ್ದಾನಲ್ಲ, ಅವನ ಕೆಲಸ ಬೇರೆ, ನನ್ನದು ಬೇರೆ.

ಯಾಕೆ ಸುಮ್ಮನಿದ್ದೆ ಎಂದು ಕೇಳಿದಿರಿ. ಮೂರು ದಿನ ಈ ಪ್ರಶ್ನೆಗೆ ಉರಿದುಕೊಂಡೆ. ಕೇಳುವ ಹಕ್ಕು ಇವರಿಗೇನಿದೆ ಎಂದು. ಆಮೇಲೆ ನೆನಪಾಯಿತು. ನೀವು ಕುರ್ಚಿ ಎಳೆದಾಗ ಮನೆಯವರು ನನ್ನ ಕಡೆ ತಿರುಗಿ, "ನೀನೇ ಹೇಳ್ತೀಯಾ?" ಎಂದಿದ್ದರು. "ನೀವೇ ಮಾತಾಡ್ರಿ" ಎಂದವಳು ನಾನು. ಊರಲ್ಲಿ ಬ್ಯಾಂಕಿಗೆ ಹೋದರೂ, ಗೊಬ್ಬರದ ಅಂಗಡಿಗೆ ಹೋದರೂ ಹಾಗೇ ಅಂದು ಅಭ್ಯಾಸ. ಬಾಯಿಗೆ ತಾನಾಗಿ ಬಂತು. ನಾಲ್ಕು ಜನ ಗಂಡಸರು ಕೂತ ಅಂಗಡಿಯಲ್ಲಿ ನನ್ನ ತೂಕದ ಮಾತು ಆಡುವುದಕ್ಕೆ ನಾಚಿಕೆಯೂ ಆಯಿತು. ಆ ನಾಚಿಕೆಯ ಮೇಲೆ ಈಗ ನನಗೆ ನಿಮ್ಮ ಮೇಲಿನದಕ್ಕಿಂತ ಹೆಚ್ಚು ಸಿಟ್ಟಿದೆ.

ಹಾಗೆಂದು ನಿಮ್ಮ ಮೇಲಿನದು ಕಡಿಮೆಯಾಗಿದೆ ಎಂದು ತಿಳಿಯಬೇಡಿ.

ನನಗೆ ಎಷ್ಟು ಸಸ್ಪೆನ್ಶನ್ ಬೇಕು? ಎರಡು ಬೇಕೋ, ಒಂದು ಸಾಕೋ, ಇಲ್ಲದಿದ್ದರೂ ನಡೆಯುತ್ತದೋ? ಗಿರಾಕಿಗೆ ಹೇಳುವ ಹಾಗೆ ನನಗೆ ಹೇಳಿ. ಮಾರುವ ಹಾಗೆ ಬೇಡ.

ಬಿಂದು


ದಾವಣಗೆರೆ
6 ಅಕ್ಟೋಬರ್ 2024

ಶ್ರೀಮತಿ ಬಿಂದು ಅವರಿಗೆ,

ಮೊನ್ನೆ ಮೂರನೇ ತಾರೀಕು, ಗುರುವಾರ, ನಿಮ್ಮೂರಿಗೆ ಬಂದಿದ್ದೆ. ನೀವು ಪ್ಲಾಸ್ಟರ್ ತೆಗೆಸಲು ಹರಿಹರಕ್ಕೆ ಹೋಗಿದ್ದಿರಂತೆ. ನಿಮ್ಮತ್ತೆ ತಿಪ್ಪಮ್ಮನವರು ಮೊದಲು ಬೈದರು, ಆಮೇಲೆ ಮಜ್ಜಿಗೆ ಕೊಟ್ಟರು. ಪತ್ರದಲ್ಲಿ ಸೇರಿಸಿದ್ದೇನೆ ಎಂದು ನೀವು ಬರೆದದ್ದು ಬಹಳ ಕಡಿಮೆಯಾಯಿತು ಎಂದು ಅಲ್ಲಿ ತಿಳಿಯಿತು.

ಆ ಡಬಲ್ ಶಾಕಪ್ಪನ್ನೇ ಕೇಳಿ ತಗೊಂಡೆ. ಒಂಬತ್ತು ಕೆಜಿ ಅಕ್ಕಿಯ ಚೀಲ ಬೆನ್ನಿಗೆ ಹಾಕಿಕೊಂಡೆ. ನಾನು ಬಡಕಲು ಆಳು, ಐವತ್ತೈದು ಕೆಜಿ. ಪಾನಾ ಜೇಬಲ್ಲಿತ್ತು. ಮೊದಲು ಇದ್ದ ಬಿಗಿಯಲ್ಲೇ ಏರಿಯ ಮೇಲೆ ಹೋದೆ. ಒಂದು ಕಿಲೋಮೀಟರಿಗೆ ಕೈ ಮರಗಟ್ಟಿತು. ಇಳಿದು ಸಡಿಲ ಮಾಡಿ ಮತ್ತೆ ಹತ್ತಿದೆ. ಈಗ ಬೇರೆ ಕಷ್ಟ. ಒಂದೊಂದು ಪೆಡಲಿಗೂ ಹಿಂದಿನ ಸ್ಪ್ರಿಂಗ್ ಕುಣಿಯುತ್ತದೆ. ತುಳಿದ ಬಲವೆಲ್ಲ ಅದರ ಕುಣಿತಕ್ಕೇ ಹೋಯಿತು, ಗಾಲಿಗೆ ಬರಲಿಲ್ಲ. ಹಲಗೆಯ ಹತ್ತಿರ ಎತ್ತಲು ಹೋಗಿ ಸೊಂಟ ಹಿಡಿಯಿತು. ಭರಮಣ್ಣನವರೇ ಬಂದು ದಾಟಿಸಿದರು. ಅರವತ್ತಮೂರನೇ ವಯಸ್ಸಿನಲ್ಲಿ ಇದು ಬೇಕಿತ್ತೇ ಎಂದು ದ್ರಾಕ್ಷಾಯಣಮ್ಮ ಕೇಳಿದರು. ಬೇಕಿತ್ತು.

ಹದಿನೈದು ವರ್ಷದಿಂದ ಗೇರ್ ಸೈಕಲ್ ಮಾರುತ್ತಿದ್ದೇನೆ. ಒಂದಕ್ಕಿಂತ ಎರಡು ಹೆಚ್ಚು, ಎರಡು ಇದ್ದರೆ ಒಳ್ಳೆಯದು ಎಂದು ಸ್ಪ್ರಿಂಗ್ ಎಣಿಸಿ ಮಾರಿದೆ. ಮಾರಿದ್ದನ್ನು ಒಮ್ಮೆಯೂ ಗಿರಾಕಿಯ ದಾರಿಯಲ್ಲಿ ಓಡಿಸಿ ನೋಡಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂತೋಷವಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಿಮಗೆ ಹಿಂದೆ ಸ್ಪ್ರಿಂಗ್ ಬೇಡವೇ ಬೇಡ. ಬಂಡೆಯಿಂದ ಬಂಡೆಗೆ ಇಳಿಯುವವರಿಗೆ ಅದು ಬೇಕು. ನಿಮಗೆ ಬರೀ ಭಾರ. ಮುಂದೆ ಒಂದೇ ಸಾಕು. ಅದೂ ಎಂಬತ್ತು ಮಿಲಿಮೀಟರ್, ಅಂದರೆ ನಾಲ್ಕು ಬೆರಳಿಗಿಂತ ತುಸು ಹೆಚ್ಚು ಕುಗ್ಗುವಂಥದ್ದು. ಇನ್ನೂ ಉದ್ದದ್ದು ಹಾಕಿದರೆ ಮುಂಭಾಗ ಎತ್ತರವಾಗಿ ಹಲಗೆಯ ಹತ್ತಿರ ತಿರುಗಿಸಲು ಕಷ್ಟ. ಡಾಂಬರಿನ ಮೂರು ಕಿಲೋಮೀಟರಿಗೆ ಅದನ್ನು ಕುಗ್ಗದಂತೆ ಬಂದ್ ಮಾಡುವ ಒಂದು ಕೀಲಿ ಇರುತ್ತದೆ, ಏರಿ ಹತ್ತುವಾಗ ಬಿಡಿಸಿ. ಹಿಂದೆ ಸ್ಪ್ರಿಂಗ್ ಇಲ್ಲದ್ದರಿಂದ ಕ್ಯಾರಿಯರ್ ಗಟ್ಟಿಯಾಗಿ ಕೂರುತ್ತದೆ, ಚೀಲ ನಿಮ್ಮ ಬೆನ್ನಿಂದ ಇಳಿಯುತ್ತದೆ. ಟೈರು ಅಗಲದ್ದು ಹಾಕಿ ಗಾಳಿ ಸ್ವಲ್ಪ ಕಡಿಮೆ ಬಿಟ್ಟರೆ ಹಿಂದಿನ ಕುಲುಕಾಟ ಬಹಳಷ್ಟು ಅದೇ ನುಂಗುತ್ತದೆ. ಒಟ್ಟು ಹದಿಮೂರೂವರೆ ಕೆಜಿ ಆಗಬಹುದು.

ಆದರೆ ಇದೆಲ್ಲ ಅರ್ಧ ಮಾತ್ರ. ಇನ್ನರ್ಧಕ್ಕೆ ನೀವೇ ಬರಬೇಕು. ನೀವು ಕೂತಾಗ ಮುಂದಿನ ಶಾಕಪ್ ತಾನಾಗಿ ಒಂದು ಬೆರಳಗಲ ಕುಗ್ಗಬೇಕು. ಅದಕ್ಕಿಂತ ಕಡಿಮೆ ಆದರೆ ಬಿಗಿ, ಹೆಚ್ಚಾದರೆ ಸಡಿಲ. ಉಳಿದ ಕುಗ್ಗು ದಾರಿಯ ಗುಂಡಿಗಳಿಗೆ ಮೀಸಲು. ಇದನ್ನು ಬೇರೆಯವರನ್ನು ಕೂರಿಸಿ ಅಳೆಯಲು ಬರುವುದಿಲ್ಲ. ಆಯುಧಪೂಜೆ ಮುಗಿದ ಮೇಲೆ ಇಪ್ಪತ್ತನೇ ತಾರೀಕು, ಭಾನುವಾರ ಬನ್ನಿ. ಚೀಲ ತುಂಬಿಸಿಕೊಂಡು ಬನ್ನಿ. ನಿಮ್ಮ ಯಜಮಾನರೂ ಬರುವುದಾದರೆ ಬರಲಿ, ಗಾಳಿ ಹೊಡೆಯುವ ಪಂಪಿನ ಪಕ್ಕ ಜಾಗವಿದೆ.

ಮುರುಗೇಶಪ್ಪ


ರಿಜಿಸ್ಟರ್ಡ್ — ಸ್ವೀಕೃತಿ ಚೀಟಿ ಸಹಿತ

ದಾವಣಗೆರೆ
6 ನವೆಂಬರ್ 2024

ಶ್ರೀಮತಿ ಬಿಂದು ಅವರಿಗೆ,

ಅಕ್ಟೋಬರ್ ಇಪ್ಪತ್ತರಂದು ನಿಮ್ಮನ್ನು ಹೊಸ ಸೈಕಲ್ಲಿನ ಮೇಲೆ ಕೂರಿಸಿ ಅಳೆಯುವ ಗಡಿಬಿಡಿಯಲ್ಲಿ ಗ್ಯಾರಂಟಿ ಕಾರ್ಡು ಕೊಡುವುದು ಮರೆತೆ. ಇದರೊಳಗೆ ಇಟ್ಟಿದ್ದೇನೆ. ಹೆಸರು ನಿಮ್ಮದೇ ಬರೆದಿದ್ದೇನೆ. ಕಾರ್ಡಿನಲ್ಲಿ ತೂಕಕ್ಕೆ ಜಾಗವಿಲ್ಲ, ಅಂಚಿನಲ್ಲಿ ಕೈಯಿಂದ ಬರೆದಿದ್ದೇನೆ: ಐವತ್ತೊಂದು, ಚೀಲ ಒಂಬತ್ತು. ಮುಂದೆ ಯಾರ ಕೈಗಾದರೂ ರಿಪೇರಿಗೆ ಕೊಟ್ಟರೆ ಇದನ್ನು ತೋರಿಸಿ.

ಶಾಕಪ್ಪಿನ ಕಾಲಿಗೆ ಕಟ್ಟಿದ ಕೆಂಪು ದಾರ ಬಿಚ್ಚಬೇಡಿ. ದಿನಾ ಸೈಕಲ್ ನಿಲ್ಲಿಸಿದ ಮೇಲೆ ಅದನ್ನು ಕೆಳಕ್ಕೆ ಸರಿಸಿ, ಒಮ್ಮೆ ಕೂತು ಇಳಿದು ಎಲ್ಲಿ ನಿಂತಿದೆ ನೋಡಿ. ಒಂದು ಬೆರಳಗಲ ಸರಿದಿದ್ದರೆ ಸರಿ. ಹೆಚ್ಚು ಸರಿದಿದ್ದರೆ ಬೇರೆ ಯಾರೋ ಹತ್ತಿದ್ದಾರೆ ಎಂದು ಅರ್ಥ.

ಈಗ ಅಂಗಡಿಗೆ ಜೋಡಿಯಾಗಿ ಯಾರೇ ಬಂದರೂ, "ಓಡ್ಸೋರು ಯಾರು?" ಎಂದು ಮೊದಲು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ನಾಲ್ಕನೇ ತಾರೀಕು ಏನಾಯಿತು? ಎರಡು ದಿನ ಕಾದೆ, ತಿಳಿಯಲಿಲ್ಲ. ಫೋನ್ ಮಾಡಲು ಕೈ ಬರಲಿಲ್ಲ.

ಮುರುಗೇಶಪ್ಪ


ಹೊಳೆಹೊಸೂರು
11 ನವೆಂಬರ್ 2024

ಮುರುಗೇಶಪ್ಪನವರಿಗೆ,

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ.

ಮೇಲಿನವರು ಹನುಮಂತಪ್ಪನವರ ಪಕ್ಕ ಗಡಿಯಾರ ನೋಡುತ್ತ ಕೂತಿದ್ದರು. ಚೀಲ ಖಾಲಿ ಮಾಡಿ ಅವರ ಮುಂದೆ ಇಟ್ಟೆ. ಐದೂರು, ಎರಡು ಹಲಗೆ, ಆಚೆಯ ಮುದುಕಿಯರ ಕೈಗೆ ಕೈಯಾರೆ. ಬೀಟು ನನ್ನದೇ. ಚೌಡೇಶ ಬಂದು, "ಅಕ್ಕಾ, ಸೈಕಲ್ ಒಂದ್ ರೌಂಡ್ ಕೊಡ್ತೀಯಾ?" ಎಂದ. ಕೊಡಲಿಲ್ಲ.

ಎರಡನೇ ತೂಬಿನ ಹತ್ತಿರ ಆ ಕಲ್ಲು ಇನ್ನೂ ಇದೆ. ಬೇಕೆಂದೇ ಅದರ ಮೇಲೆ ಹತ್ತಿಸಿದೆ. ಮುಂದಿನ ಗಾಲಿ ಎದ್ದು ಕುಳಿತಂತಾಯಿತು, ಅಷ್ಟೇ. ಕೈಗೆ ತಿಳಿಯಲಿಲ್ಲ. ಅಲ್ಲಿ ಇಳಿದು ಸ್ವಲ್ಪ ಹೊತ್ತು ಅತ್ತೆ. ನೋವಿಗಲ್ಲ. ಇಷ್ಟೇ ಇತ್ತಲ್ಲ, ಇಷ್ಟಕ್ಕೆ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು. ನಾನೂ ಹೇಳಲಿಲ್ಲವಲ್ಲ ಎಂದು. ಮೋಡ ಮುಚ್ಚಿದ ದಿನ ಮಣಿಕಟ್ಟು ಇನ್ನೂ ನೋಯುತ್ತದೆ. ಅದು ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ ಡಾಕ್ಟರು. ನೋಯುವ ದಿನ ನಿಮ್ಮ ಮೇಲೆ ಸಿಟ್ಟಿರುತ್ತದೆ, ಉಳಿದ ದಿನ ಇಲ್ಲ. ಇದಕ್ಕಿಂತ ಹೆಚ್ಚಿನದನ್ನು ನನ್ನಿಂದ ಕೇಳಬೇಡಿ.

ಶನಿವಾರ ಸಂಜೆ ಕೆಂಪು ದಾರ ಮೂರು ಬೆರಳು ಸರಿದಿತ್ತು. ಮನೆಯವರನ್ನು ಕೇಳಿದೆ. "ಬರೀ ಚಾದಂಗಡಿ ಮಟ" ಎಂದರು. ಆಮೇಲೆ, "ಇದು ಭಾಳ ಮೆತ್ತಗೈತೆ, ಒಂಚೂರು ಬಿಗಿ ಮಾಡ್ತೀಯೇನು?" ಎಂದರು. ಪಾನಾ ಈಗ ನನ್ನ ಚೀಲದಲ್ಲಿರುತ್ತದೆ. ಬಿಗಿ ಮಾಡಲಿಲ್ಲ.

ನಿಮ್ಮ ರಿಜಿಸ್ಟರ್ಡ್ ಅದೇ ದಿನ ಮಧ್ಯಾಹ್ನ ಬಂದಿತ್ತು. ಹನುಮಂತಪ್ಪನವರು ಮುದ್ರೆ ಒತ್ತಿ ಮೇಲಿನ ಹೆಸರು ಓದಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಒಂಬತ್ತು ವರ್ಷ ಊರವರಿಗೆಲ್ಲ ರಿಜಿಸ್ಟರ್ಡ್ ಕೊಟ್ಟು ಸಹಿ ಹಾಕಿಸಿಕೊಂಡಿದ್ದೇನೆ. ನನ್ನ ಹೆಸರಿಗೆ ಒಂದೂ ಬಂದಿರಲಿಲ್ಲ. ಪುಸ್ತಕದಲ್ಲಿ ಕೊಟ್ಟವರ ಜಾಗದಲ್ಲಿ ಬಿಂದು ಎಂದು ಬರೆದೆ. ಪಡೆದವರ ಜಾಗದಲ್ಲೂ ಬಿಂದು ಎಂದು ಬರೆದೆ. ನಿಮಗೆ ವಾಪಸು ಬರುವ ಚೀಟಿಯಲ್ಲಿ ಸಹಿ ಸ್ವಲ್ಪ ಸೊಟ್ಟಗಿರಬಹುದು, ಬಲಗೈ ಇನ್ನೂ ಸರಿಯಾಗಿ ತಿರುಗುವುದಿಲ್ಲ.

ಮನೆಗೆ ಬಂದು ಜಗುಲಿಯ ಮೇಲೆ ಕೂತು ಓದಿದೆ. ಮನೆಯವರು ಬಂದು ಪಕ್ಕ ನಿಂತರು.

"ಯಾರ್ದು ಪತ್ರ?"

"ನಂದು."

"ಏನೈತೆ ಅದ್ರಾಗ?"

ಮಡಚಿ ಚೀಲದೊಳಗೆ ಇಟ್ಟೆ.

"ಏನಿಲ್ಲ. ಪಳಗ್ತೈತಂತೆ."

ಬಿಂದು